ಊರು ಸುತ್ತುವ ಗೊಂಬೆ, ವಸಂತದ ಮರುಭೂಮಿ: ಹೊರಡುವ ದಿನದಿಂದ ಒಪ್ಪಿಸುವ ದಿನದವರೆಗೆ

ನಮ್ಮ ವಾರಾಂತ್ಯದ ಕನ್ನಡ ತರಗತಿಯಲ್ಲಿ ಒಂದು ಬಟ್ಟೆ ಆನೆ ಇದೆ. ಹೆಸರು ಗುಂಡ. ಮಾರ್ಚ್‌ನಲ್ಲಿ ಶಾಲೆಗೆ ರಜೆ ಬಂದರೆ ಸಾಕು, ಗುಂಡ ಯಾವುದಾದರೂ ಒಂದು ಮಗುವಿನ ಮನೆಯವರ ಜೊತೆ ಪ್ರವಾಸ ಹೊರಡುತ್ತಾನೆ. ನಾವಿರುವುದು ಅರಿಜೋನಾದ ಫೀನಿಕ್ಸ್ ಹತ್ತಿರ. ಹಾಗಾಗಿ ಅವನ ತಿರುಗಾಟ ಹೆಚ್ಚಾಗಿ ಅರಿಜೋನಾ, ನ್ಯೂ ಮೆಕ್ಸಿಕೊ ಮತ್ತು ಯೂಟಾದ ದಕ್ಷಿಣ ಭಾಗದಲ್ಲಿ. ಮಗು ಅವನ ಫೋಟೊ ತೆಗೆಯಬೇಕು, ಕನ್ನಡದಲ್ಲಿ ಡೈರಿ ಬರೆಯಬೇಕು, ವಾಪಸ್ ಬಂದು ಎಲ್ಲರ ಮುಂದೆ ಓದಬೇಕು.

ಪ್ರತಿ ವರ್ಷ ಎಡವುವುದು ಅದೇ ಕಲ್ಲಿಗೆ. ಇನ್ನೂರು ಫೋಟೊ ಇರುತ್ತವೆ, ಗುಂಡ ಎಲ್ಲಿದ್ದಾನೆ ಅಂತ ಹುಡುಕಬೇಕು. ಡೈರಿ ಎರಡನೇ ದಿನಕ್ಕೇ ನಿಂತಿರುತ್ತದೆ. ಸೊಂಡಿಲ ತುಂಬ ಮುಳ್ಳು. ಒಂದು ವರ್ಷ ಗುಂಡನೇ ವಾಪಸ್ ಬರಲಿಲ್ಲ. ಈಗಿರುವವನು ಎರಡನೆಯವನು.

ಪೋಷಕರಿಗೆ ಆಸಕ್ತಿ ಇಲ್ಲ ಅಂತಲ್ಲ. ಕೆಲಸದ ಕ್ರಮ ತಪ್ಪುತ್ತಿದೆ, ಅಷ್ಟೇ. ಹೋಟೆಲ್ ಬುಕ್ ಆಗಿರುತ್ತದೆ, ಜಾಗ ಗೊತ್ತಾಗಿರುತ್ತದೆ. ಗೊಂಬೆ ನೆನಪಾಗುವುದು ಹೊರಡುವ ಹಿಂದಿನ ರಾತ್ರಿ. ಕೆಳಗಿನ ಹಂತಗಳನ್ನು ಇದೇ ಕ್ರಮದಲ್ಲಿ ಮಾಡಿ.

## ಹಂತ 1: ಮೊದಲು ತಾರೀಕು, ಆಮೇಲೆ ಜಾಗ

ಇಲ್ಲಿ ವಸಂತ ಅಂದರೆ ಒಂದೇ ಹವಾಮಾನ ಅಲ್ಲ. ಒಂದೇ ದಿನ ದಕ್ಷಿಣ ಅರಿಜೋನಾದ ಟೂಸಾನ್ ಊರಿನಲ್ಲಿ ಅಂಗಿಯ ತೋಳು ಮಡಿಸುವಷ್ಟು ಬಿಸಿಲು, ಗ್ರ್ಯಾಂಡ್ ಕ್ಯಾನ್ಯನ್‌ನಲ್ಲಿ ಹಿಮ. ಕ್ಯಾನ್ಯನ್‌ನ ದಕ್ಷಿಣ ಅಂಚು ಸಮುದ್ರಮಟ್ಟದಿಂದ ಸುಮಾರು 2,100 ಮೀಟರ್ ಎತ್ತರದಲ್ಲಿದೆ. ಮಾರ್ಚ್ ರಾತ್ರಿ ಅಲ್ಲಿ ನೀರು ಹೆಪ್ಪುಗಟ್ಟುತ್ತದೆ.

ನಿಮ್ಮ ರಜೆ ಯಾವಾಗ ಅಂತ ನೋಡಿಕೊಂಡು ಜಾಗ ಆರಿಸಿ. ಫೆಬ್ರವರಿ ಕೊನೆಯಿಂದ ಮಾರ್ಚ್‌ವರೆಗೆ ಫೀನಿಕ್ಸ್–ಟೂಸಾನ್ ನಡುವಿನ ಪಿಕಾಚೊ ಪೀಕ್ ಬೆಟ್ಟದ ಬುಡದಲ್ಲಿ ಕಿತ್ತಳೆ-ಹಳದಿ ಪಾಪಿ ಹೂ ಅರಳುತ್ತದೆ. ಚಳಿಗಾಲದಲ್ಲಿ ಮಳೆ ಸರಿಯಾಗಿ ಆಗಿದ್ದರೆ ಮಾತ್ರ. ಮಳೆ ಕೈಕೊಟ್ಟ ವರ್ಷ ಹೂವಿನ ಆಸೆಗೆ ಹೋಗಬೇಡಿ. ಏಪ್ರಿಲ್‌ನಲ್ಲಿ ಪಾಲೊ ವರ್ಡೆ ಮರ ಪೂರ್ತಿ ಹಳದಿಯಾಗುತ್ತದೆ. ಸಗ್ವಾರೊ ಕಳ್ಳಿಯ ಬಿಳಿ ಹೂ ಬರುವುದು ಏಪ್ರಿಲ್ ಕೊನೆಯಿಂದ ಜೂನ್ ಆರಂಭದೊಳಗೆ.

ಇಲ್ಲೊಂದು ಸಾಮಾನ್ಯ ತಪ್ಪು. ಬೆಳಕು ಚೆನ್ನಾಗಿರುತ್ತದೆ ಅಂತ ಪಾಪಿ ನೋಡಲು ಸೂರ್ಯ ಹುಟ್ಟುವ ಹೊತ್ತಿಗೆ ಹೋಗುತ್ತಾರೆ. ಪಾಪಿ ಬಿಸಿಲು ಬಿದ್ದ ಮೇಲೇ ಬಿಚ್ಚಿಕೊಳ್ಳುವುದು. ಮೋಡವಿದ್ದರೆ, ಸಂಜೆಯಾದರೆ ಮುಚ್ಚಿಕೊಳ್ಳುತ್ತದೆ. ಹತ್ತು ಗಂಟೆ ದಾಟಲಿ. ಸಗ್ವಾರೊ ಹೂವಿಗೆ ಇದರ ತದ್ವಿರುದ್ಧ. ಅದು ರಾತ್ರಿ ಅರಳಿ ಮರುದಿನ ಮಧ್ಯಾಹ್ನದ ಹೊತ್ತಿಗೆ ಬಾಡುತ್ತದೆ, ಬೆಳಿಗ್ಗೆಯೇ ಹೋಗಿ.

## ಹಂತ 2: ಗಡಿಯಾರದ ಗೊಂದಲ ಬಿಡಿಸಿಕೊಳ್ಳಿ

ಬುಕಿಂಗ್ ಮಾಡುವ ಮೊದಲೇ ಇದನ್ನು ಕಾಗದದ ಮೇಲೆ ಬರೆದುಕೊಳ್ಳಿ. ಮಾರ್ಚ್ ಎರಡನೇ ಭಾನುವಾರ ಅಮೆರಿಕದ ಹೆಚ್ಚಿನ ಕಡೆ ಗಡಿಯಾರ ಒಂದು ಗಂಟೆ ಮುಂದೆ ಹೋಗುತ್ತದೆ. ಅರಿಜೋನಾದಲ್ಲಿ ಹೋಗುವುದಿಲ್ಲ. ಆದರೆ ಅರಿಜೋನಾದ ಒಳಗೇ ಇರುವ ನವಾಹೊ ನೇಷನ್‌ನಲ್ಲಿ, ಅಂದರೆ ನವಾಹೊ ಮೂಲನಿವಾಸಿಗಳ ಸ್ವಂತ ಆಡಳಿತದ ನೆಲದಲ್ಲಿ, ಹೋಗುತ್ತದೆ. ಆ ನವಾಹೊ ನೆಲದ ಮಧ್ಯದಲ್ಲಿರುವ, ಹೋಪಿ ಎಂಬ ಇನ್ನೊಂದು ಮೂಲನಿವಾಸಿ ಜನರ ಊರುಗಳಲ್ಲಿ ಮತ್ತೆ ಹೋಗುವುದಿಲ್ಲ!

ಅಂದರೆ ರಜೆಯಲ್ಲಿ ನವಾಹೊ ನೆಲದ ಮಾನ್ಯುಮೆಂಟ್ ವ್ಯಾಲಿ, ನಾಲ್ಕು ರಾಜ್ಯ ಸೇರುವ ಫೋರ್ ಕಾರ್ನರ್ಸ್, ಯೂಟಾ, ನ್ಯೂ ಮೆಕ್ಸಿಕೊ ಎಲ್ಲವೂ ಫೀನಿಕ್ಸ್‌ಗಿಂತ ಒಂದು ಗಂಟೆ ಮುಂದೆ. ಪೇಜ್ ಊರು ಫೀನಿಕ್ಸ್ ಗಡಿಯಾರದಲ್ಲೇ ಇದೆ. ಅದರ ಪಕ್ಕದ ಆಂಟಿಲೋಪ್ ಕ್ಯಾನ್ಯನ್ ನವಾಹೊ ನೆಲ, ಆದರೂ ಅಲ್ಲಿನ ಟೂರ್‌ಗಳು ಪೇಜ್ ಸಮಯದಲ್ಲೇ ನಡೆಯುತ್ತವೆ. ಈ ಕಡೆ ಫೋನ್ ಗಡಿಯಾರ ಯಾವ ಟವರ್ ಸಿಕ್ಕಿತೋ ಆ ಸಮಯ ತೋರಿಸುತ್ತದೆ. ಕೈಗೆ ಒಂದು ಸಾದಾ ವಾಚ್ ಕಟ್ಟಿಕೊಳ್ಳಿ. ಟಿಕೆಟ್ ಕೊಳ್ಳುವಾಗ "ಇದು ಯಾವ ಸಮಯ?" ಅಂತ ಕೇಳಿ, ಉತ್ತರವನ್ನು ಟಿಕೆಟ್ ಮೇಲೆಯೇ ಬರೆಯಿರಿ. ನಾವು ಒಮ್ಮೆ ಕೇಳದೆ ಹೋಗಿ, ಟೂರ್ ಹೊರಟುಹೋದ ಮೇಲೆ ತಲುಪಿದೆವು. ಮಗಳು ಆನೆಯನ್ನು ತಬ್ಬಿಕೊಂಡು ಪಾರ್ಕಿಂಗ್‌ನಲ್ಲಿ ಅತ್ತಿದ್ದು ಈಗಲೂ ಕಣ್ಣಿಗೆ ಕಟ್ಟಿದೆ.

## ಹಂತ 3: ಗೊಂಬೆಯನ್ನು ಸಜ್ಜು ಮಾಡಿ

ಇದಕ್ಕೆ ಹೊರಡುವ ಮೊದಲು ಒಂದು ಸಂಜೆ ಪೂರ್ತಿ ಬೇಕು. ಮಗುವನ್ನೂ ಕೂರಿಸಿಕೊಳ್ಳಿ.

ಗಾತ್ರ. 15ರಿಂದ 20 ಸೆಂಟಿಮೀಟರ್ ಸಾಕು. ದೊಡ್ಡದಾದರೆ ಮಗು ಎರಡನೇ ದಿನ ಕಾರಿನಲ್ಲೇ ಬಿಟ್ಟು ಇಳಿಯುತ್ತದೆ.

ಬಣ್ಣ. ಕಂದು, ಬೂದು, ತಿಳಿ ಹಸಿರು ಬೇಡ. ಇಲ್ಲಿನ ಮಣ್ಣು, ಕಲ್ಲು, ಕಳ್ಳಿ ಎಲ್ಲ ಅದೇ ಬಣ್ಣ. ನಮ್ಮ ಗುಂಡ ಬೂದು ಆನೆ, ಅದಕ್ಕೇ ಅವನಿಗೆ ಕಡು ನೀಲಿ ಅಂಗಿ ಹೊಲಿಸಿದ್ದೇವೆ. ಕೆಂಪು ಬಂಡೆ, ಬಿಳಿ ಮರಳು, ಹಳದಿ ಹೂ, ಎಲ್ಲದರ ಮುಂದೂ ನೀಲಿ ಎದ್ದು ಕಾಣುತ್ತದೆ.

ತೂಕ. ವಸಂತ ಇಲ್ಲಿ ಗಾಳಿಯ ಕಾಲ. ಹಗುರ ಗೊಂಬೆ ನಿಲ್ಲುವುದಿಲ್ಲ. ಕೆಳಭಾಗದ ಹೊಲಿಗೆ ಬಿಚ್ಚಿ, ಸಣ್ಣ ಜಿಪ್ ಚೀಲದಲ್ಲಿ ಒಂದು ಹಿಡಿ ಬೆಣಚುಕಲ್ಲು ತುಂಬಿ ಒಳಗಿಟ್ಟು ಮತ್ತೆ ಹೊಲಿಯಿರಿ.

ದಾರ. ಸೊಂಟಕ್ಕೆ ಒಂದೂವರೆ ಮೀಟರ್ ಮೀನು ಗಾಳದ ದಾರ ಕಟ್ಟಿ. ಫೋಟೊದಲ್ಲಿ ಕಾಣುವುದಿಲ್ಲ. ಇನ್ನೊಂದು ತುದಿ ಯಾವಾಗಲೂ ದೊಡ್ಡವರ ಕೈಯಲ್ಲಿರಲಿ. ದಾರ ತುಂಡಾದರೆ ಆ ತುಂಡನ್ನು ಹೆಕ್ಕಿ ಜೇಬಿಗೆ ಹಾಕಿಕೊಳ್ಳಿ. ಹಕ್ಕಿಗಳ ಕಾಲಿಗೆ ಸುತ್ತಿಕೊಂಡರೆ ಬಿಡಿಸಿಕೊಳ್ಳಲು ಅವಕ್ಕೆ ಆಗುವುದಿಲ್ಲ.

ಗುರುತು. ಅಂಗಿಯ ಒಳಗೆ ಬಟ್ಟೆಪಟ್ಟಿ ಹೊಲಿದು, ಒಂದು ಫೋನ್ ನಂಬರ್ ಮತ್ತು "ನಾನು ಒಂದು ತರಗತಿಯ ಆನೆ, ದಯವಿಟ್ಟು ಕರೆ ಮಾಡಿ" ಎಂದು ಇಂಗ್ಲಿಷಿನಲ್ಲಿ ಬರೆಯಿರಿ. ಮಗುವಿನ ಹೆಸರು, ಮನೆ ವಿಳಾಸ ಬೇಡ. ಕಳೆದದ್ದನ್ನು ಹುಡುಕುವ ಆಪಲ್‌ನ ಬಿಲ್ಲೆ ಏರ್‌ಟ್ಯಾಗ್ ಹಾಕಿದ್ದೇವೆ ಅಂತ ನಿಶ್ಚಿಂತೆಯಿಂದ ಇರಬೇಡಿ. ಅದು ಎಲ್ಲಿದೆ ಅಂತ ತಿಳಿಸಬೇಕಾದರೆ ಹತ್ತಿರದಲ್ಲಿ ಯಾರದ್ದಾದರೂ ಐಫೋನ್ ಇರಬೇಕು. ಹೋಟೆಲ್, ಏರ್‌ಪೋರ್ಟ್‌ಗೆ ಸರಿ. ಯಾರೂ ಓಡಾಡದ ಮರಳುಗುಡ್ಡದಲ್ಲಿ ಉಪಯೋಗವಿಲ್ಲ.

ಚನ್ನಪಟ್ಟಣದ ಮರದ ಗೊಂಬೆ ಕಳಿಸೋಣವಾ ಅಂತ ತುಂಬಾ ಜನ ಕೇಳುತ್ತಾರೆ. ಆಸೆ ನನಗೂ ಇದೆ, ಆದರೆ ಬೇಡ. ಅದರ ಹೊಳಪು ಅರಗಿನದ್ದು. ತಿರುಗಣಿಯ ಮೇಲೆ ತಿಕ್ಕಿದ ಬಿಸಿಗೆ ಕರಗಿಸಿ ಹಚ್ಚಿದ ಬಣ್ಣ ಅದು. ಏಪ್ರಿಲ್ ಬಿಸಿಲಿನಲ್ಲಿ ಮುಚ್ಚಿ ನಿಲ್ಲಿಸಿದ ಕಾರಿನ ಡ್ಯಾಶ್‌ಬೋರ್ಡ್ ಕೈ ಇಡಲಾಗದಷ್ಟು ಕಾಯುತ್ತದೆ. ಅಂಥ ಕಡೆ ಮರೆತು ಬಿಟ್ಟರೆ ಅರಗು ಮೆತ್ತಗಾಗಿ, ಬೆರಳಚ್ಚು ಮೂಡಿ, ಗೊಂಬೆ ಹಾಳಾಗುತ್ತದೆ.

## ಹಂತ 4: ಗೊಂಬೆಯ ಚೀಲ

ಇದು ಮನೆಯವರ ಬ್ಯಾಗಿನಿಂದ ಬೇರೆಯೇ ಇರಲಿ. ಒಳಗೆ ಏನಿರಬೇಕು ಅಂದರೆ: ಹಲ್ಲು ದೂರ ದೂರ ಇರುವ ಪ್ಲಾಸ್ಟಿಕ್ ಬಾಚಣಿಗೆ, ಚಿಮಟ, ಅಗಲ ಅಂಟುಪಟ್ಟಿ, ಹಳೆಯ ಟೂತ್‌ಬ್ರಷ್, ಸೂಜಿ-ದಾರ, ಎರಡು ಜಿಪ್ ಚೀಲ, ಡೈರಿ, ಪೆನ್ಸಿಲ್. ಬಾಲ್ ಪೆನ್ ಬೇಡ, ಬಿಸಿಲಿಗೆ ಸೋರುತ್ತದೆ.

ಮನುಷ್ಯರಿಗೆ ಒಬ್ಬೊಬ್ಬರಿಗೂ ದಿನಕ್ಕೆ ನಾಲ್ಕು ಲೀಟರ್ ನೀರು. ಇದರಲ್ಲಿ ಉಳಿತಾಯ ಮಾಡಬೇಡಿ. ಮ್ಯಾಪ್ ಅನ್ನು ಮನೆಯಲ್ಲೇ ಡೌನ್‌ಲೋಡ್ ಮಾಡಿಕೊಳ್ಳಿ, ದಾರಿಯಲ್ಲಿ ಗಂಟೆಗಟ್ಟಲೆ ಸಿಗ್ನಲ್ ಇರುವುದಿಲ್ಲ.

## ಹಂತ 5: ಕಾಗದಪತ್ರ ಮತ್ತು ಅನುಮತಿ

ವೀಸಾದಲ್ಲಿರುವವರು, ಊರಿನಿಂದ ಬಂದ ಅಪ್ಪ-ಅಮ್ಮನನ್ನು ಕರೆದುಕೊಂಡು ಹೋಗುವವರು ಇದನ್ನು ಗಮನವಿಟ್ಟು ಓದಿ. ನ್ಯೂ ಮೆಕ್ಸಿಕೊದ ಬಿಳಿ ಮರಳುಗುಡ್ಡಗಳ ಪಾರ್ಕ್ ವೈಟ್ ಸ್ಯಾಂಡ್ಸ್‌ನಿಂದ ಲಾಸ್ ಕ್ರೂಸಸ್ ಊರಿನ ಕಡೆಗೆ 70ನೇ ಹೆದ್ದಾರಿಯಲ್ಲಿ ಬರುವಾಗ ಗಡಿ ಕಾವಲಿನವರ ತಪಾಸಣೆ ಇರುತ್ತದೆ. ನೀವು ಮೆಕ್ಸಿಕೊ ಕಡೆ ಹೋಗಿಲ್ಲದಿದ್ದರೂ ಕೇಳುತ್ತಾರೆ. ಪಾಸ್‌ಪೋರ್ಟ್, ವೀಸಾ, ಐ-94 (ಅಮೆರಿಕಕ್ಕೆ ಬಂದ ದಾಖಲೆ) ಜೊತೆಗಿರಲಿ. ಫೋನಿನಲ್ಲಿರುವ ಫೋಟೊ ನಂಬಿಕೊಂಡು ಹೊರಡಬೇಡಿ.

ರಾಷ್ಟ್ರೀಯ ಉದ್ಯಾನಗಳ ವರ್ಷದ ಪಾಸ್ ಮಾನ್ಯುಮೆಂಟ್ ವ್ಯಾಲಿಯಲ್ಲಾಗಲಿ ಫೋರ್ ಕಾರ್ನರ್ಸ್‌ನಲ್ಲಾಗಲಿ ನಡೆಯುವುದಿಲ್ಲ. ಅವು ನವಾಹೊ ಜನರವು, ಶುಲ್ಕ ಬೇರೆ. ಇಲ್ಲಿ ನಾಲ್ಕನೇ ತರಗತಿಯಲ್ಲಿ ಓದುವ ಮಗು ಇದ್ದರೆ ಅದರ ಹೆಸರಲ್ಲಿ ಉಚಿತ ಪಾಸ್ ಸಿಗುತ್ತದೆ, ಮೊದಲೇ ಮಾಡಿಸಿಕೊಳ್ಳಿ.

ಆಂಟಿಲೋಪ್ ಕ್ಯಾನ್ಯನ್‌ಗೆ ಗೈಡ್ ಇಲ್ಲದೆ ಹೋಗುವಂತಿಲ್ಲ. ಬ್ಯಾಗ್, ಟ್ರೈಪಾಡ್, ಸೆಲ್ಫಿ ಕೋಲು ಬಿಡುವುದಿಲ್ಲ. ಗೊಂಬೆ ಕೈಯಲ್ಲಿ ಹಿಡಿದು ಬರಬಹುದೇ ಅಂತ ಬುಕಿಂಗ್ ಮಾಡುವಾಗಲೇ ಕೇಳಿ. ಹೋಪಿ ಊರುಗಳಲ್ಲಿ ಫೋಟೊ, ವಿಡಿಯೊ, ಚಿತ್ರ ಬಿಡಿಸುವುದು ಎಲ್ಲ ನಿಷಿದ್ಧ. ಅಲ್ಲಿ ಗೊಂಬೆ ಚೀಲದಲ್ಲೇ ಇರಲಿ. ನವಾಹೊ ನೆಲದಲ್ಲಿ ಯಾರದೇ ಫೋಟೊ ತೆಗೆಯುವ ಮೊದಲು ಕೇಳಿ. ನಮ್ಮ ಮನೆಯಂಗಳಕ್ಕೆ ಯಾರೋ ಬಂದು ನಮ್ಮ ಅಜ್ಜಿಯ ಪಕ್ಕ ಗೊಂಬೆ ಇಟ್ಟು ಕ್ಲಿಕ್ಕಿಸಿದರೆ ನಮಗೆ ಹೇಗಾಗುತ್ತದೆ?

## ಹಂತ 6: ಫೋಟೊ ತೆಗೆಯುವ ಕ್ರಮ

ಒಂದು ಜಾಗಕ್ಕೆ ಮೂರೇ ಫೋಟೊ. ಇದನ್ನು ಮಗುವಿಗೆ ಕಾರಿನಲ್ಲೇ ಹೇಳಿಬಿಡಿ.

1. ಇಳಿದ ಕೂಡಲೇ ಊರಿನ ಅಥವಾ ಪಾರ್ಕಿನ ಬೋರ್ಡ್ ಜೊತೆ ಒಂದು. ಆಮೇಲೆ ಬಂದ ಫೋಟೊಗಳು ಎಲ್ಲಿಯವು ಅಂತ ಇದರಿಂದಲೇ ಗೊತ್ತಾಗುವುದು.
2. ದೂರದ ನೋಟದ ಜೊತೆ ಒಂದು.
3. ಕೈಗೆಟಕುವ ಒಂದು ಸಣ್ಣ ವಸ್ತುವಿನ ಪಕ್ಕ ಒಂದು. ಓತಿಕ್ಯಾತನ ಹೆಜ್ಜೆಗುರುತು, ಬಿದ್ದ ಹೂ, ಕಲ್ಲಿನ ಗೆರೆ. ತರಗತಿಯಲ್ಲಿ ಮಕ್ಕಳು ಜಾಸ್ತಿ ಪ್ರಶ್ನೆ ಕೇಳುವುದು ಈ ಮೂರನೆಯದರ ಬಗ್ಗೆಯೇ.

ಎರಡನೆಯದರಲ್ಲೇ ಎಲ್ಲರೂ ಸೋಲುತ್ತಾರೆ. ಗೊಂಬೆಯನ್ನು ಬಂಡೆಯ ಪಕ್ಕ ಇಟ್ಟು, ಹತ್ತು ಹೆಜ್ಜೆ ಹಿಂದೆ ಬಂದು ತೆಗೆಯುತ್ತಾರೆ. ಬಂಡೆ ಬರುತ್ತದೆ, ಆನೆ ಕಡಲೆಬೀಜದಷ್ಟು. ಗೊಂಬೆಯನ್ನು ಬಂಡೆಯ ಹತ್ತಿರ ಒಯ್ಯಬೇಡಿ, ನಿಮ್ಮ ಹತ್ತಿರ ತನ್ನಿ. ಫೋನಿನಿಂದ ಒಂದು ತೋಳಿನಷ್ಟು ದೂರ ಸಾಕು. ಫೋನನ್ನು ತಲೆಕೆಳಗೆ ಮಾಡಿ, ಲೆನ್ಸ್ ನೆಲಕ್ಕೆ ತಾಗುವಷ್ಟು ಇಳಿಸಿ. ಗೊಂಬೆಯ ಕಣ್ಣಿನ ಮೇಲೆ ಬೆರಳಿಟ್ಟು ಫೋಕಸ್ ಮಾಡಿ. ಚೌಕಟ್ಟಿನಲ್ಲಿ ಮೂರರಲ್ಲಿ ಒಂದು ಪಾಲು ಗೊಂಬೆ ಇರಬೇಕು.

ಮಧ್ಯಾಹ್ನದ ನೆತ್ತಿ ಬಿಸಿಲಿನಲ್ಲಿ ಗೊಂಬೆಯ ಮುಖ ಕಪ್ಪಾಗುತ್ತದೆ. ಬೇರೆ ಹೊತ್ತು ಸಿಗದಿದ್ದರೆ ಇನ್ನೊಬ್ಬರ ನೆರಳಿನಲ್ಲಿ ನಿಲ್ಲಿಸಿ ತೆಗೆಯಿರಿ.

## ಹಂತ 7: ಜಾಗಕ್ಕೊಂದು ಎಚ್ಚರ

ಟೂಸಾನ್, ಸಗ್ವಾರೊ ಉದ್ಯಾನ. ಇಲ್ಲಿನ ಶತ್ರು ಚೊಯಾ ಕಳ್ಳಿ. ಅದರಲ್ಲೂ ಟೆಡ್ಡಿ ಬೇರ್ ಚೊಯಾ. ದೂರದಿಂದ ನೋಡಿದರೆ ಮೈತುಂಬ ರೋಮ ಇರುವ ಹಾಗೆ ಕಾಣುತ್ತದೆ, ಬಿಸಿಲು ಹಿಂದಿನಿಂದ ಬಿದ್ದರೆ ಹೊಳೆಯುತ್ತದೆ. "ಅಮ್ಮಾ, ಇದೂ ಗುಂಡನ ಥರಾನೇ ಮೆತ್ತಗಿದೆ" ಅಂತ ನನ್ನ ಮಗ ಸೊಂಡಿಲನ್ನು ಹತ್ತಿರ ಒಯ್ದ. ತಾಗಿತೋ ಇಲ್ಲವೋ, ನಿಂಬೆಹಣ್ಣಿನ ಗಾತ್ರದ ಒಂದು ಗೆಣ್ಣು ಗಿಡದಿಂದ ಕಳಚಿ ಸೊಂಡಿಲಿಗೆ ಬಂದು ಕೂತಿತು. ಅವನು ಕೀಳಲು ಕೈ ಹಾಕಿದ. ಅದು ಸೊಂಡಿಲನ್ನು ಬಿಡಲಿಲ್ಲ, ಹೆಬ್ಬೆರಳನ್ನೂ ಹಿಡಿದುಕೊಂಡಿತು.

ಪ್ರತಿ ಮುಳ್ಳಿಗೂ ಹಿಂದಕ್ಕೆ ಬಾಗಿದ ಸಣ್ಣ ಕೊಕ್ಕೆಗಳಿವೆ. ಎಳೆದಷ್ಟೂ ಕಚ್ಚುತ್ತದೆ. ಆದ್ದರಿಂದ ಕೈ ಹಾಕಬೇಡಿ. ಬಾಚಣಿಗೆಯ ಹಲ್ಲನ್ನು ಗೆಣ್ಣಿಗೂ ಬಟ್ಟೆಗೂ ನಡುವೆ ತೂರಿಸಿ, ಯಾರೂ ಇಲ್ಲದ ಕಡೆಗೆ ಒಮ್ಮೆಲೇ ಚಿಮ್ಮಿಸಿ. ಉಳಿದ ಮುಳ್ಳುಗಳನ್ನು ಚಿಮಟದಿಂದ ಒಂದೊಂದಾಗಿ ತೆಗೆಯಿರಿ. ಪಾಪಾಸುಕಳ್ಳಿಯ ಧೂಳಿನಂಥ ಮುಳ್ಳಿಗೆ ಅಂಟುಪಟ್ಟಿ ಒತ್ತಿ ಎಳೆಯಿರಿ. ನಮ್ಮೂರ ಹೊಲದ ಬೇಲಿಯಲ್ಲಿರುವ ಪಾಪಾಸುಕಳ್ಳಿಯ ಮೂಲ ಅಮೆರಿಕ ಖಂಡವೇ. ಇದನ್ನು ಮಗುವಿಗೆ ಹೇಳಿ, ಡೈರಿಗೆ ಒಳ್ಳೆಯ ಸಾಲಾಗುತ್ತದೆ.

ಮಾರ್ಚ್‌ನಿಂದ ಬುಡುಬುಡಿಕೆ ಹಾವುಗಳು, ಅಂದರೆ ರ್‍ಯಾಟಲ್ ಸ್ನೇಕ್‌ಗಳು, ಬಿಸಿಲು ಕಾಯಲು ಹೊರಬರುತ್ತವೆ. ಕಣ್ಣಿಗೆ ಕಾಣದ ಬಿರುಕಿಗೆ, ಕಲ್ಲಿನ ಅಡಿಗೆ ಕೈ ಹಾಕಿ ಗೊಂಬೆ ಕೂರಿಸಬೇಡಿ. ಒಣಗಿದ ಬೀಜ ಅಲ್ಲಾಡಿಸಿದ ಹಾಗೆ ಸದ್ದು ಬಂದರೆ ಅಲ್ಲೇ ನಿಂತು, ಎಲ್ಲಿಂದ ಅಂತ ನೋಡಿ, ನಿಧಾನವಾಗಿ ಹಿಂದೆ ಸರಿಯಿರಿ. ಗೊಂಬೆ ಅಲ್ಲೇ ಬಿದ್ದರೆ ಬೀಳಲಿ.

ವೈಟ್ ಸ್ಯಾಂಡ್ಸ್. ಹಿಂದಿನ ದಿನವೇ ಪಾರ್ಕಿನ ಸೂಚನೆ ನೋಡಿ. ಸುತ್ತ ಕ್ಷಿಪಣಿ ಪರೀಕ್ಷೆಯ ಸೇನಾ ನೆಲ ಇದೆ. ಪರೀಕ್ಷೆ ಇದ್ದಾಗ ರಸ್ತೆಯನ್ನು ಮೂರು ತಾಸಿನಷ್ಟು ಹೊತ್ತು ಮುಚ್ಚುವುದೂ ಉಂಟು. ವಸಂತದಲ್ಲಿ ಮಧ್ಯಾಹ್ನದ ಮೇಲೆ ಗಾಳಿ ಏಳುತ್ತದೆ, ಬೆಳಿಗ್ಗೆಯೇ ಮುಗಿಸಿ.

ಇಲ್ಲಿನ ಮರಳು ಜಿಪ್ಸಮ್, ಅಚ್ಚ ಬಿಳುಪು. ಆ ಬೆಳಕಿಗೆ ಫೋನ್ ಮೋಸ ಹೋಗಿ ಇಡೀ ಫೋಟೊ ಬೂದು ಮಾಡುತ್ತದೆ. ಗೊಂಬೆಯ ಮೇಲೆ ಬೆರಳೊತ್ತಿ, ಬೆಳಕಿನ ಗುರುತನ್ನು ಸ್ವಲ್ಪ ಮೇಲಕ್ಕೆ ಎಳೆಯಿರಿ, ಮರಳು ಬಿಳಿಯಾಗುತ್ತದೆ. ಗೊಂಬೆಯನ್ನು ಹೂಳುವ ಆಟ ಬೇಡ. ಗುಡ್ಡಗಳೆಲ್ಲ ಒಂದೇ ಥರ, ಎರಡು ನಿಮಿಷ ಬಿಟ್ಟು ಎಲ್ಲಿ ಅಂತ ಹುಡುಕುತ್ತೀರಿ? ಮಕ್ಕಳು ಮರಳಲ್ಲಿ ಸುರಂಗ ತೋಡಲು ಹೋದರೆ ಆ ಕ್ಷಣವೇ ನಿಲ್ಲಿಸಿ. ಕುಸಿದರೆ ಉಸಿರು ಕಟ್ಟುತ್ತದೆ.

ಗ್ರ್ಯಾಂಡ್ ಕ್ಯಾನ್ಯನ್. ಅಂಚಿನಿಂದ ಎರಡು ಮೀಟರ್ ದೂರವೇ ಇರಿ. ಗೊಂಬೆಯನ್ನು ಕಂಬಿಯ ಮೇಲೆ, ತುದಿಯ ಬಂಡೆಯ ಮೇಲೆ ಇಡಬೇಡಿ. ಕಂಬಿಯ ಈಚೆ ನಿಂತು ಅಂಗೈ ಮೇಲೆ ಕೂರಿಸಿ ತೆಗೆದರೆ ಹಿಂದಿನ ಕಣಿವೆ ಪೂರ್ತಿ ಬರುತ್ತದೆ. ಕೆಳಗೆ ಬಿದ್ದ ಗೊಂಬೆಗಾಗಿ ಒಂದು ಹೆಜ್ಜೆಯೂ ಇಳಿಯಬಾರದು, ಇದನ್ನು ಮಗುವಿಗೆ ಮೊದಲೇ ಹೇಳಿ ಒಪ್ಪಿಸಿರಿ. ಅಳಿಲುಗಳಿಗೆ ಜನರ ಭಯ ಇಲ್ಲ, ಕಚ್ಚುತ್ತವೆ. ಚಕ್ಕುಲಿ ತಿಂದ ಕೈಯಲ್ಲಿ ಗೊಂಬೆ ಮುಟ್ಟಿದರೆ ವಾಸನೆಗೆ ಬರುತ್ತವೆ.

ಫೋರ್ ಕಾರ್ನರ್ಸ್. ಅರಿಜೋನಾ, ಯೂಟಾ, ಕೊಲೊರಾಡೊ, ನ್ಯೂ ಮೆಕ್ಸಿಕೊ ಸೇರುವ ಬಿಂದು. ಆನೆಗೆ ನಾಲ್ಕು ಕಾಲಿರುವುದು ಇಲ್ಲಿ ಸಾರ್ಥಕ, ಒಂದೊಂದು ರಾಜ್ಯದಲ್ಲಿ ಒಂದೊಂದು ಕಾಲು! ಆದರೆ ಹಿಂದೆ ಸಾಲು ನಿಂತಿರುತ್ತದೆ. ಸಾಲಿನಲ್ಲಿದ್ದಾಗಲೇ ದಾರ ಬಿಡಿಸಿ, ಕ್ಯಾಮೆರಾ ತೆರೆದು, ಯಾವ ಕಾಲು ಎಲ್ಲಿ ಅಂತ ಮಗುವಿಗೆ ಹೇಳಿಡಿ. ಈ ಒಂದು ಫೋಟೊವನ್ನು ಮಾತ್ರ ಮೇಲಿನಿಂದ, ನೇರ ಕೆಳಗೆ ನೋಡುವಂತೆ ತೆಗೆಯಿರಿ. ಇಲ್ಲದಿದ್ದರೆ ನೆಲದ ಗೆರೆಗಳು ಕಾಣುವುದಿಲ್ಲ.

ದಾರಿಯಲ್ಲಿ ಧೂಳು. ಮುಂದೆ ನೆಲದಿಂದ ಆಕಾಶದವರೆಗೆ ಕಂದು ಪರದೆ ಕಂಡರೆ ಒಳಗೆ ನುಗ್ಗಬೇಡಿ. ಸಿಕ್ಕಿಕೊಂಡರೆ ರಸ್ತೆಯಿಂದ ಪೂರ್ತಿ ಪಕ್ಕಕ್ಕೆ ಇಳಿದು ನಿಲ್ಲಿಸಿ, ಎಲ್ಲ ದೀಪ ಆರಿಸಿ, ಬ್ರೇಕ್‌ನಿಂದ ಕಾಲು ತೆಗೆಯಿರಿ. ದೀಪ ಉರಿಯುತ್ತಿದ್ದರೆ ಹಿಂದಿನವರು ಅದೇ ರಸ್ತೆ ಅಂದುಕೊಂಡು ಬಂದು ಗುದ್ದುತ್ತಾರೆ.

ಎಲ್ಲಾ ಕಡೆಗೂ ಒಂದು ಮಾತು. ಕಲ್ಲು, ಹೂ, ಮರಳು ಏನನ್ನೂ ಗೊಂಬೆಯ ಚೀಲಕ್ಕೆ ಹಾಕಿಕೊಂಡು ಬರಬೇಡಿ. ಹೂವಿನ ಮಧ್ಯೆ ಗೊಂಬೆ ಇಡಲು ದಾರಿ ಬಿಟ್ಟು ಇಳಿಯಬೇಡಿ, ದಾರಿಯಂಚಿನ ಹೂವೇ ಸಾಕು.

## ಹಂತ 8: ಡೈರಿ, ಜಾಗ ಬಿಡುವ ಮೊದಲೇ

ರಾತ್ರಿ ಹೋಟೆಲ್‌ನಲ್ಲಿ ಬರೆಯೋಣ ಅಂದರೆ ಮುಗಿಯಿತು. ಮಗು ನಿದ್ದೆಗಣ್ಣಲ್ಲಿ "ತುಂಬಾ ಚೆನ್ನಾಗಿತ್ತು" ಅಂತ ಒಂದೇ ಸಾಲು ಬರೆಯುತ್ತದೆ. ಕಾರಿನ ಬಾಗಿಲು ತೆರೆದಿಟ್ಟು, ನೆರಳಲ್ಲಿ ಕೂತು, ಅಲ್ಲೇ ಐದು ಸಾಲು ಬರೆಸಿ. ಗುಂಡ ಏನು ನೋಡಿದ, ಏನು ಕೇಳಿಸಿತು, ಏನು ವಾಸನೆ ಬಂತು, ಯಾರು ಮಾತಾಡಿಸಿದರು, ಒಂದು ಹೊಸ ಪದ.

ವಾಸನೆಗೆ ಒಂದು ಉಪಾಯ ಇದೆ. ಕ್ರಿಯೊಸೋಟ್ ಪೊದೆಯ ಎಲೆಯನ್ನು ಕೀಳದೆ, ಎರಡು ಬೆರಳಲ್ಲಿ ಮೆಲ್ಲಗೆ ಉಜ್ಜಿ ಮೂಸಲು ಹೇಳಿ. ಈ ಮರುಭೂಮಿಯಲ್ಲಿ ಮಳೆ ಬಂದಾಗ ಬರುವ ವಾಸನೆ ಅದೇ. ನಮ್ಮ ತರಗತಿಯ ಒಂದು ಮಗು "ಮಳೆ ಎಲೆಯೊಳಗೆ ಬಚ್ಚಿಟ್ಟುಕೊಂಡಿದೆ" ಅಂತ ಬರೆದಿತ್ತು.

ಸಂದರ್ಶಕರ ಕೇಂದ್ರಗಳಲ್ಲಿ ಊರಿನ ಹೆಸರು, ತಾರೀಕು ಇರುವ ಮುದ್ರೆ ಇಟ್ಟಿರುತ್ತಾರೆ. ಡೈರಿಯ ಆ ಪುಟಕ್ಕೇ ಒತ್ತಿಸಿ. ಜೂನಿಯರ್ ರೇಂಜರ್ ಪುಸ್ತಕವನ್ನೂ ಕೇಳಿ ಪಡೆಯಿರಿ. ಮಗು ತುಂಬಿಸಿ ಕೊಟ್ಟರೆ ಬ್ಯಾಡ್ಜ್ ಸಿಗುತ್ತದೆ.

## ಹಂತ 9: ಎಣಿಕೆ

ಗೊಂಬೆ ಕಳೆಯುವುದು ಮರುಭೂಮಿಯಲ್ಲಿ ಕಡಿಮೆ, ಹೋಟೆಲ್ ಹಾಸಿಗೆಯಲ್ಲಿ ಜಾಸ್ತಿ. ಮಗು ತಬ್ಬಿಕೊಂಡು ಮಲಗುತ್ತದೆ, ಬೆಳಿಗ್ಗೆ ಬಿಳಿ ಹೊದಿಕೆಯ ಮಡಿಕೆಯಲ್ಲಿ ಉಳಿದು ಒಗೆಯುವ ಬಟ್ಟೆಯ ಜೊತೆ ಹೋಗುತ್ತದೆ. ನಮ್ಮ ಮೊದಲ ಗುಂಡ ಹೋದದ್ದು ಹೀಗೆ. ನಾವು ಕರೆ ಮಾಡುವ ಹೊತ್ತಿಗೆ ಬಟ್ಟೆಯ ಗಾಡಿ ಹೊರಟಿತ್ತು.

ಆದ್ದರಿಂದ ಕೋಣೆ ಬಿಡುವ ಮೊದಲು ಹೊದಿಕೆಯನ್ನು ಪೂರ್ತಿ ಕೊಡವಿ. ಕಾರಿನ ಗೇರ್ ಹಾಕುವ ಮೊದಲು ಡ್ರೈವರ್ ಗಟ್ಟಿಯಾಗಿ "ಗುಂಡ?" ಅಂತ ಕೇಳಲಿ. ಮಗು ಎತ್ತಿ ತೋರಿಸಬೇಕು. "ಇದ್ದಾನೆ" ಅಂತ ಬರೀ ಬಾಯಲ್ಲಿ ಹೇಳಿದರೆ ಹೊರಡಬೇಡಿ.

## ಹಂತ 10: ಮನೆಗೆ ಬಂದ ಮೇಲೆ

ಒಪ್ಪಿಸುವ ಮೊದಲು ಬಚ್ಚಲಿನಲ್ಲಿ ತಲೆಕೆಳಗೆ ಹಿಡಿದು ಕೊಡವಿ. ಟೂತ್‌ಬ್ರಷ್‌ನಿಂದ ಹೊಲಿಗೆಯ ಸಂದಿಯ ಮರಳು ತೆಗೆಯಿರಿ. ಒಗೆಯುವುದಾದರೆ ಕಲ್ಲಿನ ಚೀಲ ಮೊದಲು ಹೊರತೆಗೆಯಿರಿ. ಹಾಗೇ ಯಂತ್ರಕ್ಕೆ ಹಾಕಿ ಒಬ್ಬರ ಮನೆಯ ಡ್ರಮ್ ಹಾಳಾಗಿದೆ.

ಒಣಗಿದ ಮೇಲೆ ದೊಡ್ಡವರು ಯಾರಾದರೂ ಅಂಗೈಯಿಂದ ಮೈಯೆಲ್ಲ ನಿಧಾನವಾಗಿ ಸವರಿ ನೋಡಿ, ಸೊಂಡಿಲ ತುದಿ, ಕಿವಿಯ ಹಿಂದೆ, ಕಾಲ ಸಂದಿ. ಒಂದು ಮುಳ್ಳು ಚುಚ್ಚಿದರೂ ಚಿಮಟ ತಂದು ಮತ್ತೆ ಮೊದಲಿಂದ ಶುರು ಮಾಡಿ. ಮುಂದಿನ ವಾರ ಇದನ್ನು ತಬ್ಬಿಕೊಂಡು ಮಲಗುವುದು ಇನ್ನೊಂದು ಮಗು.